ಬಾಯಿ ನಮ್ಮ ಕಡೆ

"ನಂದು ತಳದಲ್ಲಿದೆ," ಎಂದು ಅತ್ತೆ ಪಕ್ಕದ ಹಾಸಿಗೆಯವರಿಗೆ ಹೇಳುತ್ತಿದ್ದರು, ಹೊಸದಾಗಿ ಬಾಡಿಗೆಗೆ ಸಿಕ್ಕಿದ ಮನೆಯ ವಿಷಯ ಹೇಳುವವರ ಹಾಗೆ. "ತಳ ಅಂದ್ರೆ ಅಷ್ಟು ಭಯ ಇಲ್ವಂತೆ. ಹಾಳಾಗಿರೋಷ್ಟು ಕತ್ತರಿಸಿ ತೆಗೆದು ಉಳಿದದ್ದನ್ನ ಸೇರಿಸಿ ಹೊಲಿತಾರೆ. ನಮ್ಮ ಅಂಗಡೀಲಿ ನಾನು ದಿನಕ್ಕೆ ಹತ್ತು ಚೀಲಕ್ಕೆ ಹೊಸ ತಳ ಹಾಕಿಕೊಡ್ತೀನಿ. ಒಂದೂ ವಾಪಸ್ಸು ಬಂದಿಲ್ಲ."

ಪಕ್ಕದವರು ನಕ್ಕರು, ನಗುವಾಗ ಹೊಟ್ಟೆಯ ಹೊಲಿಗೆ ಎಳೆಯದಿರಲೆಂದು ಅದರ ಮೇಲೆ ದಿಂಬು ಒತ್ತಿ ಹಿಡಿದರು. ಅವರು ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕೌಂಟರಿನ ಹಿಂದೆ ಕೂತವರು. ಅವರಿಗೆ ಆಪರೇಷನ್ ಆಗಿ ಒಂಬತ್ತು ದಿನವಾಗಿತ್ತು. ಅವರದ್ದೂ ಕೆಳಗಿನ ಭಾಗದ್ದೇ. ಅರ್ಧಕ್ಕಿಂತ ಹೆಚ್ಚು ಹೊಟ್ಟೆ ತೆಗೆದಿದ್ದರು. ಹಾಸಿಗೆಗಳು ಅಕ್ಕಪಕ್ಕ, ರೋಗವೂ ಅಕ್ಕಪಕ್ಕ ಎಂದು ಅತ್ತೆಗೆ ಅವರ ಜೊತೆ ಒಂದೇ ದಿನದಲ್ಲಿ ಸಲಿಗೆ ಬೆಳೆದಿತ್ತು.

ಎರಡು ಹಾಸಿಗೆಗಳ ನಡುವಿನ ಸ್ಟೂಲಿನ ಮೇಲೆ ಕೂತು ಸೊಸೆ ಬ್ರೆಡ್ಡಿನ ಅಂಚು ಕಿತ್ತು, ಬಿಳಿ ಭಾಗವನ್ನಷ್ಟೇ ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದಳು. ಅತ್ತೆ ಒಂದು ತುತ್ತು ಬಾಯಿಗಿಟ್ಟರು, ಅಗಿದರು, ನುಂಗಿದರು. ಆಮೇಲೆ ಎರಡು ಬೆರಳು ಸೇರಿಸಿ ಎದೆಯ ಮೂಳೆಯ ಮೇಲೆ ಟಪ್ ಟಪ್ ಎಂದು ತಟ್ಟಿಕೊಂಡರು. ತಟ್ಟುವ ಬೆರಳನ್ನು ಅಂಚೆಯವರು ನೋಡಿದರು.

"ಅಲ್ಲಿ ಸಿಕ್ಕಿಕೊಳ್ಳುತ್ತಾ ನಿಮಗೆ?"

"ಸ್ವಲ್ಪ. ತಟ್ಟಿದ್ರೆ ಇಳಿಯುತ್ತೆ."

"ನನಗೆ ಹಾಗೆ ಆಗ್ಲೇ ಇಲ್ಲ ನೋಡಿ. ನುಂಗಿದ್ದು ಸರಾಗವಾಗಿ ಇಳೀತಿತ್ತು. ಅಲ್ಲಿಂದ ಮುಂದಕ್ಕೆ ಹೋಗ್ತಿರಲಿಲ್ಲ ಅಷ್ಟೇ. ಬೆಳಿಗ್ಗೆ ತಿಂದಿದ್ದು ಸಂಜೆಗೆ ವಾಪಸ್ಸು, ವಿಳಾಸ ತಪ್ಪಿದ ಕಾಗದದ ಹಾಗೆ."

ಒಬ್ಬೊಬ್ಬರ ಮೈ ಒಂದೊಂದು ಥರ ಎಂದು ಅತ್ತೆ ಮಾತು ಮುಗಿಸಿ, ಅಂಚೆಯವರ ಹೊಲಿಗೆಯಲ್ಲಿ ಎಷ್ಟು ಗಂಟು ಇವೆ ಎಂದು ವಿಚಾರಿಸತೊಡಗಿದರು. ಸೊಸೆಯ ಕೈಯಲ್ಲಿದ್ದ ಬ್ರೆಡ್ಡಿನ ಚೂರು ಹಾಲಿನಲ್ಲಿ ಕರಗಿ ಲೋಟದ ತಳ ಸೇರಿತು. ಅವಳು ಚಮಚ ತರುತ್ತೇನೆಂದು ಎದ್ದಳು. ಚಮಚ ಲೋಟದಲ್ಲೇ ಇತ್ತು.

ಆ ತಟ್ಟುವಿಕೆಯನ್ನು ಮನೆಯಲ್ಲಿ ಮೊದಲು ಗಮನಿಸಿದವಳು ಅವಳೇ. ನಾಲ್ಕು ತಿಂಗಳ ಹಿಂದೆ ಅತ್ತೆ ಊಟದ ನಡುವೆ ನೀರು ಕುಡಿಯತೊಡಗಿದ್ದರು. ಆಮೇಲೆ ಗಟ್ಟಿ ಪದಾರ್ಥವನ್ನು ತಟ್ಟೆಯ ಅಂಚಿಗೆ ಸರಿಸತೊಡಗಿದರು. ಆಮೇಲೆ, ಹಸಿವಿಲ್ಲ ಎಂದರು. ಅವಳು ಇದನ್ನೆಲ್ಲ ನೋಡಿದ್ದಳು, ಆದರೆ ಬಾಯಿ ಬಿಟ್ಟಿರಲಿಲ್ಲ. ಅವಳು ಆ ಮನೆಗೆ ಬಂದು ಏಳು ವರ್ಷವಾಗಿದ್ದರೂ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅತ್ತೆಯೇ ಅನ್ನುತ್ತಿದ್ದರು: "ಇವಳಿಗೆ ಬಾಯಿ ಇಡೋದನ್ನ ದೇವರು ಮರೆತ. ಜಿಪ್ಪು ಹಾಕಿ ಕಳಿಸಿಬಿಟ್ಟ." ಕಡೆಗೆ ಒಂದು ದಿನ ಅತ್ತೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವರು ಮೇಜು ಹಿಡಿದು ಕುಸಿದು ಕೂತ ಮೇಲೆ, ಗಂಟಲಿನಿಂದ ಪೈಪು ಇಳಿಸಿ ನೋಡಿದ ಮೇಲೆ, ಗಡ್ಡೆ ಎಂಬ ಮಾತು ಹೊರಗೆ ಬಂತು.

ವಾರ್ಡಿನ ಹೊರಗೆ, ನೀರಿನ ಫಿಲ್ಟರಿನ ಪಕ್ಕದ ಗೋಡೆಗೆ ಒರಗಿ ಅವಳು ಪರ್ಸಿನಿಂದ ಡಾಕ್ಟರು ಚಿತ್ರ ಬರೆದಿದ್ದ ಚೀಟಿ ತೆಗೆದಳು. ಹನ್ನೆರಡು ದಿನದಿಂದ ಅದು ಅಲ್ಲೇ ಇತ್ತು, ನಾಲ್ಕು ಮಡಿಕೆಯಾಗಿ.

ಹನ್ನೆರಡು ದಿನದ ಹಿಂದೆ ಡಾಕ್ಟರ ಎದುರು ಕೂರಬೇಕಾಗಿದ್ದವನು ಗಂಡ. ಅವನು ವ್ಯಾನು ನಿಲ್ಲಿಸಲು ಜಾಗ ಸಿಗದೆ ಆಸ್ಪತ್ರೆಗೆ ಸುತ್ತು ಹಾಕುತ್ತಿದ್ದ. ಅತ್ತೆ ಸ್ಕ್ಯಾನಿಂಗ್ ಕೋಣೆಯ ಒಳಗಿದ್ದರು. ಅಷ್ಟರಲ್ಲಿ ಹೆಸರು ಕೂಗಿದರು, ಅವಳೇ ಹೋಗಿ ಕೂತಳು. ಡಾಕ್ಟರು ಅವಸರದ ಮನುಷ್ಯ, ಆದರೆ ಒರಟಲ್ಲ. ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆದು ಚೀಟಿಯ ಮೇಲೆ ಒಂದು ಉಬ್ಬಿದ ಆಕಾರ ಬರೆದರು, ಎರಡು ತುದಿಗೂ ಒಂದೊಂದು ಕೊಳವೆ ಎಳೆದರು. "ಹೊಟ್ಟೆ ಅಂದ್ರೆ ಒಂದು ಚೀಲ ಅಂದುಕೊಳ್ಳಿ," ಎಂದರು. ಅವಳಿಗೆ ಕಾಣಲೆಂದು ಚೀಟಿಯನ್ನು ಅವಳ ಕಡೆಗೆ ತಿರುಗಿಸಿಟ್ಟು, ಒಂದು ಕಡೆ ಗುಣಿಸು ಗುರುತು ಹಾಕಿದರು. "ಗಡ್ಡೆ ಇಲ್ಲಿದೆ. ಎಲ್ಲಿದೆ ಅನ್ನೋದೂ ಮುಖ್ಯ. ಕೆಳಭಾಗದಲ್ಲಿದ್ರೆ ಆಪರೇಷನ್ ಆದಮೇಲೆ ತುಂಬಾ ವರ್ಷ ಇರೋರು ಜಾಸ್ತಿ. ಮೇಲ್ಭಾಗದಲ್ಲಿದ್ರೆ ಅಷ್ಟು ಜನ ಇರಲ್ಲ, ಚೀಲ ಪೂರ್ತಿ ತೆಗೀಬೇಕಾಗುತ್ತೆ. ಗೊತ್ತಾಯ್ತಲ್ಲ?" ಅಷ್ಟರಲ್ಲಿ ಫೋನು ಬಂತು. ಅವರು ಎದ್ದು ನಿಂತೇ ಮಾತಾಡುತ್ತ, ಮಗನನ್ನು ಕಳಿಸಿ ಎಂದು ಕೈಸನ್ನೆ ಮಾಡಿ ಹೊರಟುಬಿಟ್ಟರು. ಗಂಡ ಏದುಸಿರು ಬಿಡುತ್ತ ಬರುವ ಹೊತ್ತಿಗೆ ಅವರು ಆಪರೇಷನ್ ಕೋಣೆ ಸೇರಿಯಾಗಿತ್ತು.

ನಮ್ಮದು ಎರಡರಲ್ಲಿ ಯಾವುದು ಎಂದು ಕೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಚೀಲದ ಚಿತ್ರ ಕಣ್ಣೆದುರಿಗಿತ್ತು, ಗುರುತು ಅವಳಿಂದ ದೂರದ ಅಂಚಿನಲ್ಲಿತ್ತು. ದೂರದ ಅಂಚು ಅಂದರೆ ತಳ.

ಅವರ ಅಂಗಡಿಯಲ್ಲಿ ಅದು ಹಾಗೆಯೇ. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ: ಎರಡು ಮಿಷನ್ನು, ಒಂದು ಉದ್ದದ ಮೇಜು, ಗೋಡೆ ತುಂಬ ಮೊಳೆಗೆ ನೇತುಹಾಕಿದ, ಬಟ್ಟೆ ಕತ್ತರಿಸಲು ಅಳತೆಗೆ ಇಡುವ ಅಚ್ಚಿನ ರಟ್ಟುಗಳು. ಶಾಲೆಯ ಬ್ಯಾಗು, ಮಾರುಕಟ್ಟೆಯ ಚೀಲ, ಉಪಕರಣದ ಚೀಲ, ಯಾವುದೇ ಆಗಲಿ ಮೇಜಿನ ಮೇಲೆ ಹಾಸುವಾಗ ಬಾಯಿ ನಮ್ಮ ಕಡೆ ಇರಬೇಕು, ತಳ ಆ ಕಡೆ. ಅತ್ತೆ ಹಾಕಿದ ನಿಯಮ ಅದು. ಜೇಬು, ಪಟ್ಟಿ, ಜಿಪ್ಪು ಎಲ್ಲದರ ಗುರುತೂ ಅದೇ ಲೆಕ್ಕದಲ್ಲಿ. ಮದುವೆಯಾಗಿ ಬಂದ ಮೊದಲ ವಾರ ಅವಳು ರಟ್ಟನ್ನು ತಿರುಗಿಸಿಟ್ಟುಕೊಂಡು ನಲವತ್ತು ಬ್ಯಾಗಿಗೆ ಜೇಬನ್ನು ತಲೆಕೆಳಗಾಗಿ ಹೊಲಿದಿದ್ದಳು. ಅತ್ತೆ ಬೈಯಲಿಲ್ಲ. ನಲವತ್ತನ್ನೂ ಎದುರಿಗಿಟ್ಟು ಬ್ಲೇಡು ಕೊಟ್ಟರು. ಒಂದೊಂದೇ ಹೊಲಿಗೆ ಬಿಚ್ಚುತ್ತ ಎರಡು ದಿನ ಕೂತಿದ್ದಳು. ಅಂದಿನಿಂದ ಚೀಲದ ಆಕಾರದ್ದು ಯಾವುದು ಕಣ್ಣಿಗೆ ಬಿದ್ದರೂ ಅದರ ಬಾಯಿ ತಾನಾಗಿಯೇ ಅವಳ ಕಡೆಗೆ ಬರುತ್ತಿತ್ತು.

ಮನೆಗೆ ಬಂದು ಅವಳು ಹೇಳಿದ್ದು ಒಂದೇ ಮಾತು: ತಳದಲ್ಲಿದೆಯಂತೆ, ತಳದಲ್ಲಿದ್ದರೆ ಒಳ್ಳೆಯದಂತೆ. ಆಪರೇಷನ್ನೇ ಬೇಡ ಎಂದು ಹಟ ಹಿಡಿದಿದ್ದ ಅತ್ತೆ ಆ ಮಾತಿಗೆ ತಲೆ ಎತ್ತಿದರು. ಹಟಕ್ಕೆ ಕಾರಣವಿತ್ತು. ಎದುರು ಸಾಲಿನ ಬೀಗದ ಅಂಗಡಿಯವರಿಗೆ ಇದೇ ಕಾಯಿಲೆ, ಮೇಲ್ಭಾಗದಲ್ಲಿ. ಆಪರೇಷನ್ ಆಗಿ ಎಂಟು ತಿಂಗಳಿಗೆ ಹೋಗಿಬಿಟ್ಟರು. ಅದರಲ್ಲಿ ಐದು ತಿಂಗಳು ಮೂಗಿನ ನಳಿಗೆಯಲ್ಲೇ ಆಹಾರ. ಅವರನ್ನು ನೋಡಲು ಹೋಗಿ ಬಂದ ದಿನ ಅತ್ತೆ ಕತ್ತರಿ ಮುಟ್ಟಿರಲಿಲ್ಲ. "ನನಗೂ ಮೇಲೇ ಇದ್ದಿದ್ರೆ ನಾನು ಈ ಮೇಜು ಬಿಟ್ಟು ಏಳ್ತಾನೇ ಇರಲಿಲ್ಲ," ಎಂದು ಅವರು ಸೊಸೆಯ ಮಾತು ಕೇಳಿ ನಿಟ್ಟುಸಿರು ಬಿಟ್ಟಿದ್ದರು. "ತಳ ತಾನೆ. ಹಾಕಿಸ್ಕೊಂಡು ಬರೋಣ ಬಿಡು."

ಅವಳು ಈಗ ಚೀಟಿಯನ್ನು ತಿರುಗಿಸಿದಳು. ಮತ್ತೆ ತಿರುಗಿಸಿದಳು. ಎರಡು ಕೊಳವೆಗಳಲ್ಲಿ ಒಂದು ನೇರ, ಇನ್ನೊಂದು ಡೊಂಕು. ಎರಡು ಬಾಯಿಯ ಚೀಲ. ಯಾವುದು ಯಾವುದೆಂದು ಅದರ ಮೇಲೆ ಬರೆದಿರಲಿಲ್ಲ.

ನರ್ಸಿನ ಮೇಜಿನವರೆಗೆ ಎರಡು ಸಲ ಹೋಗಿ ವಾಪಸ್ಸು ಬಂದಳು. ಮೂರನೆಯ ಸಲ ನರ್ಸೇ ತಲೆ ಎತ್ತಿ ಏನು ಬೇಕೆಂದು ಕೇಳಿದರು. ಅವಳು ಚೀಟಿ ಚಾಚಿದಳು. ಗುರುತಿನ ಪಕ್ಕದ ನೇರ ಕೊಳವೆಯನ್ನು ಬೆರಳಿನಿಂದ ತೋರಿಸಿದಳು.

"ಇದಾ? ಅನ್ನನಾಳ. ಗಂಟಲಿಂದ ಬರೋದು," ಎಂದರು ನರ್ಸು. ಹಾಸಿಗೆಯ ನಂಬರು ಕೇಳಿ, ಫೈಲು ತೆಗೆದು, ಒಂದು ಸಾಲಿನ ಮೇಲೆ ಬೆರಳೋಡಿಸಿದರು. "ಹೌದು, ಇಲ್ಲೇ. ಅನ್ನನಾಳ ಸೇರೋ ಜಾಗದ ಹತ್ರ, ಮೇಲ್ಭಾಗ. ನಾಡಿದ್ದು ಬೆಳಿಗ್ಗೆ ಫಸ್ಟ್ ಕೇಸು ನಿಮ್ಮದೇ. ನಿಮಗೆ ಯಾರೂ ಹೇಳಿಲ್ವಾ?"

ಹೇಳಿದ್ದರು. ಹೇಳಿದ್ದನ್ನು ಅವಳು ತಲೆಕೆಳಗಾಗಿ ಹೊಲಿದಿದ್ದಳು.

ಸಂಜೆ ಐದಕ್ಕೆ ಗಂಡ ಬಂದ. ಅಂಗಡಿಯಿಂದ ಅಂಗಡಿಗೆ ಬ್ಯಾಗು ಹಂಚಿ, ವ್ಯಾಪಾರಿಗಳ ಜೊತೆ ಮಾತಾಡಿ ಆಡಿ ಅವನಿಗೆ ಮೌನವೆಂದರೆ ಆಗುವುದಿಲ್ಲ. ಮೆಟ್ಟಿಲ ತಿರುವಿನಲ್ಲಿ ಅವಳು ವಿಷಯ ಹೇಳಿದಾಗ ಅವನು ಬಹಳ ಹೊತ್ತು ಕೈಯಲ್ಲಿದ್ದ ವ್ಯಾನಿನ ಕೀಲಿಯನ್ನು ಒಂದು ಬೆರಳಿನಿಂದ ಇನ್ನೊಂದಕ್ಕೆ ದಾಟಿಸುತ್ತ ನಿಂತ. ಅದನ್ನು ನೋಡಿ ಅವಳಿಗೆ ಇನ್ನೂ ಹೆದರಿಕೆಯಾಯಿತು. ಬೈದಿದ್ದರೆ ಎಷ್ಟೋ ಮೇಲಾಗುತ್ತಿತ್ತು.

"ಯಾರಿಗೂ ಹೇಳಬೇಡ," ಎಂದ ಕಡೆಗೆ.

"ಅತ್ತೆಗೆ?"

"ಅವಳಿಗೇ ಹೇಳಬೇಡ ಅಂತಿರೋದು. ಈಗ ಒಪ್ಪಿಕೊಂಡಿದಾಳೆ. ನೀನು ಮಾಡಿದ ತಪ್ಪಿಂದಲೇ ಒಪ್ಪಿಕೊಂಡಿದಾಳೆ ಅಂತ ಇಟ್ಟುಕೋ. ಈಗ ಮೇಲಿದೆ ಅಂದ್ರೆ ಚಪ್ಪಲಿ ಹಾಕ್ಕೊಂಡು ಮನೆ ದಾರಿ ಹಿಡೀತಾಳೆ. ಅಮ್ಮನ ಸ್ವಭಾವ ನಿನಗೆ ಗೊತ್ತಿಲ್ವಾ?" ಡಾಕ್ಟರ ಹತ್ತಿರವೂ ತಾನೇ ಮಾತಾಡಿ, ಅಮ್ಮನ ಮುಂದೆ ಮೇಲೆ ಕೆಳಗೆ ಎನ್ನದ ಹಾಗೆ ನೋಡಿಕೊಳ್ಳುತ್ತೇನೆ ಎಂದ. ನಾಳೆ ಒಪ್ಪಿಗೆಯ ಕಾಗದಕ್ಕೆ ಸಹಿ, ಅಷ್ಟು ಆಗಿಬಿಡಲಿ. ಹೊಟ್ಟೆ ಎಷ್ಟು ತೆಗೆದರು ಎಂದು ಆಮೇಲೆ ನಿಧಾನಕ್ಕೆ ಹೇಳಿದರಾಯಿತು.

ಅವನ ಮಾತಿನಲ್ಲಿ ಹುರುಳಿತ್ತು. ಅವಳು ತಲೆಯಾಡಿಸಿದಳು. ತಲೆಯಾಡಿಸುವುದು ಅವಳಿಗೆ ಹೊಸದಲ್ಲ.

ವಾರ್ಡಿಗೆ ವಾಪಸ್ಸು ಹೋದಾಗ ಅತ್ತೆ ಮಗನಿಗಾಗಿಯೇ ಕಾಯುತ್ತಿದ್ದರು. ಶಾಲೆಗಳು ತೆರೆಯುವ ಮುಂಚಿನ ಆರ್ಡರನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡ ಎಂದರು. ಇನ್ನೂರು ಬ್ಯಾಗು. ಮೂರು ವಾರದಲ್ಲಿ ಎದ್ದು ಕೂರುತ್ತೇನೆ, ನಾಲ್ಕನೆಯ ವಾರ ಕತ್ತರಿ ಹಿಡಿಯುತ್ತೇನೆ, ಅಂಚೆಯವರನ್ನು ನೋಡು, ಒಂಬತ್ತೇ ದಿನಕ್ಕೆ ಓಡಾಡುತ್ತಿದ್ದಾರೆ. ಗಂಡ ಹ್ಞೂಂ ಅಮ್ಮ, ಸರಿ ಅಮ್ಮ ಎನ್ನುತ್ತ ಹೋದ. ಅವನ ನಗು ಕಿವಿಯಿಂದ ಕಿವಿಗಿತ್ತು. ಸೊಸೆ ಹಾಸಿಗೆಯ ಕಾಲಿನ ಕಡೆ ನಿಂತು, ಹೊದಿಕೆಯ ಮಡಿಕೆಯನ್ನು ನೇರ ಮಾಡಿದಳು. ಅದು ಮೊದಲೇ ನೇರವಾಗಿತ್ತು.

ಆ ರಾತ್ರಿ ಅವಳು ಮನೆಗೆ ಹೋದಳು, ಗಂಡನ ತಂಗಿ ಆಸ್ಪತ್ರೆಯಲ್ಲಿ ಉಳಿದಳು. ನಿದ್ದೆ ಬರಲಿಲ್ಲ ಎಂದು ಹೇಳುವ ಹಾಗಿರಲಿಲ್ಲ. ಬಂತು, ಬಿಟ್ಟು ಬಿಟ್ಟು. ಬೆಳಿಗ್ಗೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಹೇಳಬಾರದು ಎಂದು ಒಂದು ನಿಲ್ದಾಣದಿಂದ ಇನ್ನೊಂದಕ್ಕೆ, ಹೇಳಬೇಕು ಎಂದು ಅಲ್ಲಿಂದ ಮುಂದಿನದಕ್ಕೆ ಯೋಚಿಸಿದಳು. ಅತ್ತೆ ಬದುಕುವುದು ಮುಖ್ಯ. ಆಪರೇಷನ್ ಇಲ್ಲದಿದ್ದರೆ ಬದುಕುವುದಿಲ್ಲ. ಹಾಗಾದರೆ ಸುಮ್ಮನಿರುವುದೇ ಸರಿ. ಆದರೆ ನಾಲ್ಕನೆಯ ವಾರ ಕತ್ತರಿ ಹಿಡಿಯಲು ಹೊರಟವರು ಎಚ್ಚರವಾಗಿ ಕಣ್ಣು ಬಿಟ್ಟಾಗ, ಇದ್ದ ಚೀಲವೇ ಇಲ್ಲ ಎಂದು ಗೊತ್ತಾದಾಗ, ಮೊದಲು ಯಾರ ಮುಖ ನೋಡುತ್ತಾರೆ? ಅವಳು ಇಳಿಯುವ ನಿಲ್ದಾಣ ದಾಟಿ ಹೋಗಿತ್ತು. ಒಂದು ಫರ್ಲಾಂಗು ವಾಪಸ್ಸು ನಡೆದಳು.

ವಾರ್ಡಿನಲ್ಲಿ ನರ್ಸು ಅಂದು ಮಾಡಬೇಕಾದ್ದನ್ನು ಹೇಳಿಹೋಗಿದ್ದರು: ತಲೆಸ್ನಾನ, ಮೈಮೇಲೆ ಯಾವ ಲೋಹವೂ ಇರಬಾರದು, ಉಗುರು ಚಿಕ್ಕದಾಗಿ ಕತ್ತರಿಸಬೇಕು. ಅಂಚೆಯವರು ವೆರಾಂಡದಲ್ಲಿ ನಡೆಯಲು ಹೋಗಿದ್ದರು. ಗಂಡ ರಕ್ತದ ಚೀಟಿ ಹಿಡಿದು ಕೆಳಗಿನ ಮಹಡಿಗೆ ಹೋಗಿದ್ದ. ಅವಳು ಕಿಟಕಿಯ ಬೆಳಕಿಗೆ ಸ್ಟೂಲು ಎಳೆದುಕೊಂಡು, ತೊಡೆಯ ಮೇಲೆ ಹಳೆಯ ಪೇಪರು ಹರಡಿ, ಅತ್ತೆಯ ಕೈ ಹಿಡಿದುಕೊಂಡಳು.

ಏಳು ವರ್ಷದಲ್ಲಿ ಅವಳು ಆ ಕೈಯನ್ನು ಅಷ್ಟು ಹೊತ್ತು ಹಿಡಿದಿರಲಿಲ್ಲ. ಎಡಗೈ ಮುಗಿಯಿತು. ಬಲಗೈಯ ಹೆಬ್ಬೆರಳು, ತೋರುಬೆರಳು. ನಡುಬೆರಳಿಗೆ ಬಂದಾಗ ಅವಳ ಕೈ ನಿಂತಿತು.

"ಯಾಕೆ, ಉಗುರಿನ ಅಚ್ಚು ಮರೆತೋಯ್ತಾ?" ಎಂದರು ಅತ್ತೆ.

"ತಳದಲ್ಲಿಲ್ಲ ಅತ್ತೆ."

"ಏನು?"

"ಗಡ್ಡೆ. ಮೇಲಿದೆ. ಅನ್ನ ಇಳಿಯೋ ಬಾಯಿ ಹತ್ರ." ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. ಚೀಟಿ, ಗುರುತು, ಚೀಲವೆಂದು ಡಾಕ್ಟರು ಅಂದದ್ದು, ಬಾಯಿ ನಮ್ಮ ಕಡೆ ಎಂದುಕೊಂಡದ್ದು, ನರ್ಸು ಫೈಲು ನೋಡಿದ್ದು, ಪೂರ್ತಿ ತೆಗೆಯುತ್ತಾರೆಂಬುದು, ಎಲ್ಲವನ್ನೂ ಪೇಪರಿನ ಮೇಲೆ ಬಿದ್ದ ಉಗುರಿನ ಚೂರುಗಳನ್ನು ನೋಡುತ್ತಲೇ ಹೇಳಿದಳು. ಒಂದು ಸಲಕ್ಕೆ ಅಷ್ಟು ಮಾತನ್ನು ಅವಳು ಆ ಮನೆಯಲ್ಲಿ ಆಡಿದ್ದೇ ಇಲ್ಲ.

ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ. ಹೊರಗೆ ಯಾರೋ ಗಾಲಿಯ ಮೇಜು ತಳ್ಳಿಕೊಂಡು ಹೋದರು. ಅದರ ಒಂದು ಗಾಲಿ ಕಿರುಗುಟ್ಟುತ್ತ ವೆರಾಂಡದ ಕೊನೆಯವರೆಗೆ ಹೋಯಿತು.

"ಯಾವಾಗ ಗೊತ್ತಾಯ್ತು ನಿನಗೆ?"

"ನಿನ್ನೆ ಮಧ್ಯಾಹ್ನ."

"ಅವನಿಗೂ ಗೊತ್ತಾ?"

ಅವಳು ಪೇಪರಿನ ಮೇಲಿನ ಚೂರುಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು.

"ಗೊತ್ತು ಅನ್ನು. ನಿನ್ನೆ ಅವನು ಅಷ್ಟೊಂದು ಹಲ್ಲು ಬಿಟ್ಟಾಗಲೇ ಅಂದುಕೊಂಡೆ, ಇವನು ಏನೋ ನುಂಗಿದಾನೆ ಅಂತ." ಅತ್ತೆ ಅವಳ ಕೈಯಿಂದ ನೇಲ್‌ಕಟ್ಟರು ತೆಗೆದುಕೊಂಡರು. ಉಳಿದ ಮೂರು ಉಗುರುಗಳನ್ನು ತಾವೇ ಕತ್ತರಿಸಿಕೊಂಡರು, ಎಡಗೈಯಲ್ಲಿ, ಒಂದಿಷ್ಟೂ ಓರೆಯಾಗದ ಹಾಗೆ. ಪೇಪರನ್ನು ಮಡಿಸಿ ಬುಟ್ಟಿಗೆ ಹಾಕಿದರು. ಹಾಸಿಗೆಯಿಂದ ಕಾಲು ಇಳಿಬಿಟ್ಟರು.

"ನನ್ನ ಚಪ್ಪಲಿ ಎಲ್ಲಿ?"

ಅವಳು ಮಂಚದ ಕೆಳಗೆ ಬಗ್ಗಿದಳು. ಚಪ್ಪಲಿ ಸಿಗದವಳ ಹಾಗೆ ಸ್ವಲ್ಪ ಹೊತ್ತು ಅಲ್ಲೇ ತಡಕಾಡಿ, ಕಡೆಗೆ ಎಳೆದುಕೊಟ್ಟಳು. ಅತ್ತೆ ಶಾಲು ಹೊದ್ದುಕೊಂಡು ಆಗಲೇ ಬಾಗಿಲ ಕಡೆ ಹೊರಟಿದ್ದರು. ಮೆಟ್ಟಿಲ ಬಳಿ ಎದುರಾದ ಗಂಡ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಅವನ ಮುಖ ಕಪ್ಪಿಟ್ಟಿತು. ಅಮ್ಮ, ಮೊದಲು ಕೂತು ಮಾತಾಡೋಣ ಎಂದ. ಅತ್ತೆ ಅವನ ಪಕ್ಕದಿಂದ ಹಾದು ಮುಂದೆ ನಡೆದರು. ಮೆಟ್ಟಿಲು ಇಳಿಯಲಿಲ್ಲ. ಬಲಕ್ಕೆ ತಿರುಗಿ ಡಾಕ್ಟರ ಕೋಣೆಯ ಮುಂದಿನ ಬೆಂಚಿನ ಮೇಲೆ ಕೂತರು.

ಅವರ ಸರದಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ಮೂವರೂ ಸಾಲಾಗಿ ಕೂತಿದ್ದರು. ಗಂಡ ಒಂದು ಸಲ ಹೆಂಡತಿಯ ಕಡೆ ತಿರುಗಿ, "ಇಷ್ಟು ದಿನ ಇಲ್ಲದ ಬಾಯಿ ಇವತ್ತೇ ಬೇಕಿತ್ತಾ ನಿನಗೆ?" ಎಂದು ಹಲ್ಲು ಕಚ್ಚಿ ಕೇಳಿದ. ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು.

ಒಳಗೆ ಹೋದ ಮೇಲೆ ಅತ್ತೆ ಕೈ ಚಾಚಿದರು, ಅವಳು ಚೀಟಿ ಕೊಟ್ಟಳು. ಅತ್ತೆ ಅದನ್ನು ಮೇಜಿನ ಮೇಲೆ ಹರಡಿದರು.

"ಇದನ್ನ ನಾವು ತಿರುಗಿಸಿ ಓದಿಬಿಟ್ವಿ ಡಾಕ್ಟ್ರೇ. ನಮ್ಮ ಅಂಗಡೀಲಿ ಚೀಲದ ಬಾಯಿ ನಮ್ಮ ಕಡೆ ಇಡೋದು. ನಾನೇ ಕಲಿಸಿರೋದು, ಈ ಹುಡುಗಿ ತಪ್ಪೇನಿಲ್ಲ. ಈಗ ನನಗೆ ಸರಿಯಾಗಿ ಹೇಳಿ. ಅವನಿಗಲ್ಲ, ನನಗೆ."

ಡಾಕ್ಟರು ಮಗನ ಮುಖ ನೋಡಿದರು. ಮಗ ನೆಲ ನೋಡುತ್ತಿದ್ದ. ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಚೀಟಿಯ ಮೇಲೆ ಪೆನ್ನಿಟ್ಟರು. ಈ ಸಲ ಪ್ರತಿಯೊಂದರ ಪಕ್ಕದಲ್ಲೂ ಬರೆಯುತ್ತ ಹೋದರು: ಗಂಟಲ ಕಡೆ, ಕರುಳ ಕಡೆ. ಗಡ್ಡೆ ಮೇಲಿನ ಬಾಯಿಗೆ ಎರಡು ಬೆರಳು ಕೆಳಗೆ. ಹೊಟ್ಟೆಯ ಚೀಲವನ್ನು ಪೂರ್ತಿ ತೆಗೆಯಬೇಕು. ಸಣ್ಣ ಕರುಳನ್ನು ಮೇಲಕ್ಕೆ ತಂದು ಅನ್ನನಾಳಕ್ಕೆ ಸೇರಿಸಬೇಕು. ಆಮೇಲೆ ದಿನಕ್ಕೆ ಏಳೆಂಟು ಸಲ ಸ್ವಲ್ಪ ಸ್ವಲ್ಪವೇ ತಿನ್ನಬೇಕು, ಬದುಕಿರುವವರೆಗೂ ಇಂಜೆಕ್ಷನ್ ತೆಗೆದುಕೊಳ್ಳುತ್ತಿರಬೇಕು.

"ಹೊಲಿಗೆ ಕೈಯದೋ, ಮಿಷನ್ನಿನದೋ?"

"ಎರಡೂ ಇರುತ್ತೆ."

"ಬಿಟ್ಟುಕೊಳ್ಳಲ್ವಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಒಂದೊಂದು ಸಲ ಸೋರುತ್ತೆ. ಮೊದಲ ವಾರ ನಾವೂ ಅದಕ್ಕೇ ಹೆದರೋದು."

"ಸರಿ. ಸೋರೋದೇ ಇಲ್ಲ ಅಂದಿದ್ರೆ ನಾನು ಎದ್ದು ಹೋಗ್ತಿದ್ದೆ. ನಾನೂ ಕತ್ತರಿ ಹಿಡಿಯೋಳೇ." ಅತ್ತೆ ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡರು. "ಮೇಲಿದ್ರೆ ಜಾಸ್ತಿ ದಿನ ಇರಲ್ಲ ಅಂದ್ರಂತಲ್ಲ. ಎಷ್ಟು ದಿನ?"

ಕೆಳಭಾಗದವರಿಗೆ ಹೋಲಿಸಿದರೆ ಹೆಚ್ಚು ವರ್ಷ ಬದುಕುವವರು ಕಡಿಮೆ, ಅದು ನಿಜ, ಎಂದರು ಡಾಕ್ಟರು. ಆದರೆ ಜಾಗ ಒಂದೇ ಅಲ್ಲ. ಹೊಟ್ಟೆಯ ಗೋಡೆಯೊಳಗೆ ಎಷ್ಟು ಆಳಕ್ಕೆ ಇಳಿದಿದೆ, ಸುತ್ತಲಿನ ದುಗ್ಧಗ್ರಂಥಿಗಳಿಗೆ ಹರಡಿದೆಯೇ, ಇದೆಲ್ಲ ತೆಗೆದು ಪರೀಕ್ಷೆ ಮಾಡಿದ ಮೇಲೇ ಗೊತ್ತಾಗುವುದು. ಮೇಲ್ಭಾಗದ್ದು ಸಾಮಾನ್ಯವಾಗಿ ತಡವಾಗಿ ಗೊತ್ತಾಗುತ್ತದೆ, ಅದೂ ಒಂದು ಕಾರಣ. "ನಿಮ್ಮದು ತೀರಾ ತಡ ಅಂತ ಸ್ಕ್ಯಾನಿನಲ್ಲಿ ಕಾಣ್ತಿಲ್ಲ. ಅಷ್ಟು ಹೇಳಬಲ್ಲೆ. ನೂರು ಜನರ ಲೆಕ್ಕ ನನ್ನ ಹತ್ರ ಇದೆ ಅಮ್ಮ. ನಿಮ್ಮೊಬ್ಬರ ಲೆಕ್ಕ ಇಲ್ಲ."

"ನಮ್ಮ ಬೀಗದ ಅಂಗಡಿಯವರು ಎಂಟು ತಿಂಗಳು."

"ಅವರದ್ದು ಎಷ್ಟು ಹರಡಿತ್ತೋ ನನಗೆ ಗೊತ್ತಿಲ್ಲ."

"ಮಾಡಿಸದೇ ಇದ್ರೆ?"

"ನುಂಗೋದು ಕಷ್ಟವಾಗ್ತಾ ಹೋಗುತ್ತೆ. ಆಮೇಲೆ ನೀರೂ ಇಳಿಯಲ್ಲ. ಕೆಲವು ತಿಂಗಳು."

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಮೇಜಿನ ಮೇಲಿನ ಚೀಟಿ ಹಾರದಂತೆ ಡಾಕ್ಟರು ಅದರ ಮೇಲೆ ಪೆನ್ನು ಅಡ್ಡಡ್ಡ ಇಟ್ಟಿದ್ದರು. ಒಪ್ಪಿಗೆ ಇಲ್ಲದಿದ್ದರೆ ಮಧ್ಯಾಹ್ನ ಮೂರರ ಒಳಗೆ ಹೇಳಿಬಿಡಿ, ಕಾಯುತ್ತಿರುವವರು ಬೇರೆ ಇದ್ದಾರೆ ಎಂದರು. ಬೆದರಿಸುವ ದನಿಯಲ್ಲಿ ಅಲ್ಲ, ಇದ್ದ ವಿಷಯ ಹೇಳುವ ದನಿಯಲ್ಲಿ.

ಹೊರಗೆ ಬಂದು ಅತ್ತೆ ಮತ್ತೆ ಅದೇ ಬೆಂಚಿನ ಮೇಲೆ ಕೂತರು. ಮಗನನ್ನು ಚಹಾ ತರಲು ಕಳಿಸಿದರು. ಅವರಿಗೆ ಚಹಾ ಬೇಕಿರಲಿಲ್ಲವೆಂದು ಅವನಿಗೂ ಗೊತ್ತಿತ್ತು, ಹೋದ. ಸೊಸೆ ಬೆಂಚಿನ ತುದಿಯಲ್ಲಿ ಅರ್ಧ ಮಾತ್ರ ಕೂತಿದ್ದಳು. ಅತ್ತೆ ಬಹಳ ಹೊತ್ತು ಎದುರಿನ ಗೋಡೆ ನೋಡಿದರು. ಗೋಡೆಯ ಮೇಲೆ ಏನೂ ಇರಲಿಲ್ಲ. ಎಷ್ಟೋ ಜನ ತಲೆ ಒರಗಿಸಿ ಆಗಿದ್ದ ಎಣ್ಣೆಗಪ್ಪಿನ ಒಂದು ಪಟ್ಟೆ ಅಷ್ಟೇ. ಒಂದು ಸಲ ಕಣ್ಣು ಒರೆಸಿಕೊಂಡರು, ಶಾಲಿನ ತುದಿಯಿಂದ, ಧೂಳು ಬಿದ್ದವರ ಹಾಗೆ ಒರಟಾಗಿ. ಅವಳು ಬೇರೆ ಕಡೆ ನೋಡಿದಳು.

"ಹೇಳದೇ ಇರಬಹುದಾಗಿತ್ತು ನೀನು," ಎಂದರು ಅತ್ತೆ.

"ಹ್ಞೂಂ."

"ನಾನು ಸುಖವಾಗಿ ಹೋಗಿ ಮಲಗಿರ್ತಿದ್ದೆ."

ಅವಳು ಬೆಂಚಿನಿಂದ ಜಾರುತ್ತಿದ್ದ ಅತ್ತೆಯ ಶಾಲಿನ ತುದಿಯನ್ನು ಎತ್ತಿ ಮೇಲಿಟ್ಟಳು.

"ಇನ್ನೂರು ಬ್ಯಾಗು ಬೇಡ ಅಂತ ಹೇಳಿಬಿಡು ಅವನಿಗೆ. ಎಂಬತ್ತು ಸಾಕು. ಸಣ್ಣ ಸೈಜಿನದ್ದು." ಅತ್ತೆ ಇನ್ನೂ ಗೋಡೆಯನ್ನೇ ನೋಡುತ್ತಿದ್ದರು. "ನೇರ ಕತ್ತರಿಸೋದು ಬರುತ್ತೆ ನಿನಗೆ. ತಿರುವಿನಲ್ಲಿ ಕತ್ತರಿ ಎತ್ತಿಬಿಡ್ತೀಯ. ಏಳು ವರ್ಷದಿಂದ ನೋಡ್ತಿದೀನಿ, ಎತ್ತೇ ಎತ್ತುತ್ತೀಯ. ಅದನ್ನ ಬಿಡಿಸೋಕೇ ಒಂದು ವರ್ಷ ಬೇಕು ನನಗೆ." ಆಮೇಲೆ, "ಹೋಗು, ಆ ಒಪ್ಪಿಗೆ ಕಾಗದ ತರೋಕೆ ಹೇಳು," ಎಂದರು.

ನರ್ಸು ಕಾಗದಗಳನ್ನು ರಟ್ಟಿಗೆ ಕ್ಲಿಪ್ಪು ಹಾಕಿ ತಂದರು. ಗಂಡನೂ ಅಷ್ಟು ಹೊತ್ತಿಗೆ ಮೂರು ಲೋಟ ಚಹಾ ಹಿಡಿದು ಬಂದು, ಲೋಟಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತ. ಅತ್ತೆ ಮೊದಲ ಹಾಳೆಯನ್ನು ಪೂರ್ತಿ ಓದಿದರು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು. ಮೇಲ್ಭಾಗ, ಪೂರ್ಣ ಎಂಬ ಎರಡು ಮಾತುಗಳ ಬಳಿ ಬೆರಳು ನಿಂತಿತು, ಆಮೇಲೆ ಮುಂದೆ ಹೋಯಿತು. ಕೊನೆಯಲ್ಲಿ ಸಹಿ ಹಾಕಿದರು. ಅವರ ಸಹಿ ದೊಡ್ಡದು, ಗೆರೆಯ ಆಚೆಗೂ ಹೋಯಿತು.

"ಮನೆಯವರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು," ಎಂದರು ನರ್ಸು.

ಗಂಡ ಲೋಟಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕೈ ಒರೆಸಿಕೊಂಡು ಮುಂದೆ ಬಂದ. ಅತ್ತೆ ರಟ್ಟನ್ನು ಅವನಿಗೆ ಕೊಡಲಿಲ್ಲ. ಬೆಂಚಿನ ಮೇಲೆ, ತಮ್ಮ ಮತ್ತು ಸೊಸೆಯ ನಡುವಿನ ಖಾಲಿ ಜಾಗದಲ್ಲಿ ಇಟ್ಟರು, ಪೆನ್ನನ್ನು ಅದರ ಮೇಲೆ ಉರುಳಿಸಿದರು.

"ನಾನಾ ಅತ್ತೆ?"

"ಬೇರೆ ಯಾರು ಕೂತಿದಾರೆ ಇಲ್ಲಿ?"

ಆ ಮನೆಯ ಯಾವ ಕಾಗದಕ್ಕೂ ಅವಳು ಇದುವರೆಗೆ ಸಹಿ ಹಾಕಿರಲಿಲ್ಲ. ಪಕ್ಕಕ್ಕೆ ತಿರುಗಿ ರಟ್ಟಿನ ಮೇಲೆ ಬಾಗಿದಳು. ಪೆನ್ನು ಒತ್ತಿದ ಹಾಗೆಲ್ಲ ಹಾಳೆಯ ಕ್ಲಿಪ್ಪಿಲ್ಲದ ಕಡೆಯ ಅಂಚು ಸರಿಯುತ್ತಿತ್ತು. ಅತ್ತೆ ಕತ್ತರಿಯ ಹಿಡಿ ಒತ್ತಿ ಒತ್ತಿ ಗಟ್ಟಿಯಾದ ಹೆಬ್ಬೆರಳಿನ ಆ ಬಲಗೈಯನ್ನು ಹಾಳೆಯ ಅಂಚಿನ ಮೇಲೆ ಚಪ್ಪಟೆಯಾಗಿ ಊರಿದರು. ಹಾಳೆ ನಿಂತಿತು. ಅವಳು ಬರೆಯತೊಡಗಿದಳು, ಒಂದೊಂದೇ ಅಕ್ಷರ. ಅವಳು ಮುಗಿಸುವವರೆಗೂ ಆ ಕೈ ಅಲ್ಲೇ ಇತ್ತು.